ರೋಡಿನ ಆಚೆಯಿಂದ ಮೂರು ಫಾಂಟು

ದಾವಣಗೆರೆಯ ಹದಡಿ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಯೊಂದಕ್ಕೆ ಬೋರ್ಡ್ ಮಾಡಿಕೊಡಬೇಕಿತ್ತು. "ರಾಕೆಟ್ ತರ ಇರ್ಲಿ, ಮಾಮೂಲಿ ಅಕ್ಷರ ಬ್ಯಾಡ" ಅಂದರು ಮಾಲೀಕರು. ಗೂಗಲ್ ಫಾಂಟ್ಸ್‌ನಿಂದ ಮೂರು ಇಳಿಸಿಕೊಂಡೆ: ಆರ್ಬಿಟ್ರಾನ್, ಮೈಕ್ರೋಮಾ, ಎಕ್ಸೋ 2. ಮೂರೂ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು. ಇಂಗ್ಲಿಷಿನ ‘ರೋಡ್’ ಪದವನ್ನು ಮೂರರಲ್ಲೂ ಒಂದೇ ಎತ್ತರಕ್ಕೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತೆ.

ಆರ್ಬಿಟ್ರಾನ್ ಮ್ಯಾಟ್ ಮೆಕಿನರ್ನಿ 2009ರಲ್ಲಿ ಮಾಡಿದ್ದು. ಸ್ಕ್ರೀನಿನಲ್ಲಿ ನೋಡಿದಾಗ ಮನಸ್ಸು ಅಲ್ಲೇ ಜಾರಿತ್ತು. ಆದರೆ ಅದರ ‘ಎ’ಗೆ ಚೂಪು ತಲೆಯಿಲ್ಲ, ಮೇಲೆ ಚಪ್ಪಟೆ. ‘ಓ’ ಅಂದರೆ ಮೂಲೆ ಸವೆದ ಚೌಕ, ‘ಡಿ’ಯೂ ಹೆಚ್ಚುಕಡಿಮೆ ಅದೇ. ಆಚೆಯಿಂದ ನನಗೆ ಕಂಡದ್ದು ಸಾಲಾಗಿ ನಿಲ್ಲಿಸಿದ ನಾಲ್ಕು ಡಬ್ಬಿ. ಪದ ಏನಂತ ಗೊತ್ತಿದ್ದ ನಾನೇ ತಡವರಿಸಿದೆ. ಇನ್ನು ಬೈಕಿನಲ್ಲಿ ಹೋಗುವವರು ಓದ್ತಾರಾ?

ಮೈಕ್ರೋಮಾ ಚೆನ್ನಾಗಿ ಓದಿಸಿತು. ಇದರ ಬೇರು ಇಟಲಿಯಲ್ಲಿದೆ. ಅಲ್ಲಿನ 1952ರ ಮೈಕ್ರೋಗ್ರಾಮಾ ಅನ್ನೋ ಫಾಂಟೇ ಇದಕ್ಕೆ ಮಾದರಿ, ಅದರಲ್ಲಿ ಬರೀ ದೊಡ್ಡಕ್ಷರ ಇದ್ದವು. ಆಲ್ಡೋ ನೊವಾರೆಸೆ 1962ರಲ್ಲಿ ಸಣ್ಣಕ್ಷರವೂ ಇರುವ ಯೂರೋಸ್ಟೈಲ್ ತಂದರು. ನಮ್ಮಜ್ಜನ ಕಾಲದ ಫ್ಯೂಚರ್, ಅಲ್ವಾ? ತೊಂದರೆ ಅಗಲದ್ದು. ಅಕ್ಷರ ಕಾಲು ಚಾಚಿ ಕೂತಂತೆ ಕೂರುತ್ತದೆ. 2024ರ ಕಾನೂನಿನ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಉಳಿದ ಪಟ್ಟಿಯಲ್ಲಿ ಅಂಗಡಿ ಹೆಸರು ಹಿಡಿಸಲು ಎತ್ತರ ಇಳಿಸುತ್ತಾ ಹೋದೆ, ಕೊನೆಗೆ ಇರುವೆ ಸಾಲಾಯಿತು. ದಪ್ಪ ಮಾಡೋಣ ಅಂದರೆ ಇರುವುದೇ ಒಂದು ತೂಕ, ಅಂದರೆ ಒಂದೇ ದಪ್ಪ.

ಎಕ್ಸೋ 2ರಲ್ಲಿ ತೆಳುವಿನಿಂದ ದಪ್ಪದವರೆಗೆ 9 ತೂಕ. ‘ಎ’ಗೆ ‘ಎ’ಯದೇ ಆಕಾರ. ರಾಕೆಟ್ ಕಳೆ ಸ್ವಲ್ಪ ಕಮ್ಮಿ, ಆದರೆ ಆಚೆಯಿಂದ ಒಂದೇ ನೋಟಕ್ಕೆ ಓದಿದೆ.

ನಿಜವಾದ ತಲೆನೋವು ಕನ್ನಡದ್ದು. ಮೂರರಲ್ಲೂ ಕನ್ನಡ ಅಕ್ಷರ ಇಲ್ಲ. ಟೈಪ್ ಮಾಡಿದರೆ ಕಂಪ್ಯೂಟರ್ ಸುಮ್ನೆ ಬೇರೆ ಯಾವುದೋ ಫಾಂಟ್ ತಂದು ಹಾಕುತ್ತದೆ. ‘ಬೆಣ್ಣೆ’ ಅಂತಲೇ ಒಂದು ಕನ್ನಡ ಫಾಂಟ್ ಇದೆ. ದಾವಣಗೆರೆಯವನಲ್ವಾ, ಆಸೆಗೆ ಹಾಕಿ ನೋಡಿದೆ. ಪುಸ್ತಕಕ್ಕೆ ಸರಿ, ಸ್ಕೂಟರಿಗಲ್ಲ. ‘ಬಲೂ ತಮ್ಮ’ ಅನ್ನೋ ಇನ್ನೊಂದು ಫಾಂಟ್ ಹಾಕಿದರೆ ಮಿಠಾಯಿ ಅಂಗಡಿ ಆಯಿತು. ಕೊನೆಗೆ ನಿಂತಿದ್ದು ಅನೇಕ್ ಕನ್ನಡ. ಅದರ ಅಗಲವನ್ನು ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಬಹುದು. ಸ್ವಲ್ಪ ಹಿಗ್ಗಿಸಿದ ಮೇಲೆ ದುಂಡಕ್ಷರ ಎಕ್ಸೋದ ಪಕ್ಕ ಹೊಂದಿಕೊಂಡಿತು. ‘ಎಲೆಕ್ಟ್ರಿಕ್’ ಮಾತ್ರ ಕಾಡಿತು. ‘ಕ್ಟ್ರಿ’ಯಲ್ಲಿ ಕೆಳಗೆ ಎರಡು ಒತ್ತು, ಅವು ಇಳಿದು ಇಂಗ್ಲಿಷ್ ಸಾಲಿನ ತಲೆಗೆ ತಾಗುತ್ತಿದ್ದವು. ಸಾಲುಗಳ ನಡುವೆ ಎರಡು ಬೆರಳು ಜಾಸ್ತಿ ಜಾಗ ಬಿಟ್ಟೆ.

ಆರ್ಬಿಟ್ರಾನ್ ಕೈಬಿಟ್ಟಿದ್ದಕ್ಕೆ ಮಾಲೀಕರ ಮುಖ ಸಪ್ಪಗಾಯಿತು. ಸ್ಕೂಟರಿನ ಹ್ಯಾಂಡಲ್ಲಿಗೆ ನೇತುಹಾಕುವ ಬೆಲೆ ಚೀಟಿಗೆ ಅದನ್ನೇ ಹಾಕಿಕೊಟ್ಟೆ. ಒಂದು ಮೊಳ ದೂರದಿಂದ ಅದರ ಅಂಕಿಗಳು ಎಷ್ಟು ಚೆಂದ!