ಕಿತ್ತ ಹೂವಿಗೆ ಔಷಧಿ ಹೊಡೆಯುವವರಿದ್ದಾರೆ, ಎಚ್ಚರ

ಹೂವಿನ ಚೀಲ ಬಿಚ್ಚಿದ ಕೂಡಲೇ ಔಷಧಿ ವಾಸನೆ ಬಂದರೆ ಅದನ್ನು ಮನೆಯೊಳಗೆ ತರಬೇಡಿ. ಕಳೆದ ಮಳೆಗಾಲ ಕುಮಟಾದ ನಮ್ಮ ಮನೆಯಲ್ಲಿ ಆದದ್ದು ಬೇರೆ ಯಾರಿಗೂ ಆಗಬಾರದು.

ತಂಗಿಯ ಸೀಮಂತಕ್ಕೆ ಅಂತ ವ್ಯಾಪಾರಿಯೊಬ್ಬರು ಘಟ್ಟದ ಮೇಲಿನ ಸೇವಂತಿಗೆ ತಂದುಕೊಟ್ಟಿದ್ದರು. ಹೊರಗೆ ಜಡಿಮಳೆ. ಕಿಟಕಿ ಬಾಗಿಲೆಲ್ಲ ಮುಚ್ಚಿತ್ತು. ಚಿಕ್ಕಮ್ಮ ಬಾಳೆನಾರು ನೆನೆಸಿಕೊಂಡು ದಂಡೆ ಕಟ್ಟಲು ಕೂತರು. ಸ್ವಲ್ಪ ಹೊತ್ತಿಗೆ ತಲೆಸುತ್ತು ಅಂದರು. ಆಮೇಲೆ ಬಾಯಲ್ಲಿ ನೀರು ಸುರಿಯತೊಡಗಿತು, ಮೈಯೆಲ್ಲ ಬೆವರು, ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಯಾವ ಕೀಟನಾಶಕ ಮುಟ್ಟಿದ್ರಿ?" ಅಂತಲೇ ಕೇಳಿದರು.

ವ್ಯಾಪಾರಿಗೆ ಫೋನ್ ಮಾಡಿದೆ. "ಹೂವಲ್ಲಿ ಹೇನಿತ್ತು ಮಾರಾಯ್ರೆ, ಹಾಗೇ ತಂದ್ರೆ ಯಾರೂ ತಗೊಳ್ಳಲ್ಲ. ಚೀಲ ಕಟ್ಟೋ ಮುಂಚೆ ಸ್ವಲ್ಪ ಹೊಡೆದೆ" ಅಂದರು. ಹೊಡೆದದ್ದು ಡೈಕ್ಲೋರ್‌ವಾಸ್. ಬೇಗ ಆವಿಯಾಗುವ ವಿಷ ಅದು. ಮುಚ್ಚಿದ ಕೋಣೆಯಲ್ಲಿ ಉಸಿರಿನ ಜೊತೆ ಒಳಗೆ ಹೋಗುತ್ತದೆ, ಚರ್ಮದಿಂದಲೂ ಇಳಿಯುತ್ತದೆ. ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಅದಕ್ಕೆ ನಿಷೇಧ ಇದೆ. ಆದರೂ ಅವರ ಹತ್ತಿರ ಬಾಟಲಿ ಇತ್ತು! ಪುಣ್ಯಕ್ಕೆ ಚಿಕ್ಕಮ್ಮ ಚೇತರಿಸಿಕೊಂಡರು. ಆ ದಂಡೆ ಬಸುರಿ ತಂಗಿಯ ಮುಡಿಗೆ ಏರಬೇಕಿತ್ತು. ನೆನೆದರೆ ಈಗಲೂ ಎದೆ ನಡುಗುತ್ತದೆ.

ಗಿಡಕ್ಕೆ ಹೊಡೆದ ಔಷಧಿಯಾದರೆ ಬಿಸಿಲು, ಮಳೆಗೆ ದಿನ ಕಳೆದಂತೆ ಇಳಿಯುತ್ತಾ ಬರುತ್ತದೆ. ಕಿತ್ತ ಹೂವಿಗೆ ಆ ಸಮಯವೇ ಇಲ್ಲ. ಬೆಳಿಗ್ಗೆ ಹೊಡೆದದ್ದು ಸಂಜೆಗೆ ಮುಡಿಯಲ್ಲಿರುತ್ತದೆ. ಪ್ರಸಾದದ ಹೂವನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಮಕ್ಕಳು ಬಾಯಿಗೂ ಹಾಕುತ್ತಾರೆ. ತರಕಾರಿ ತೊಳೆದ ಹಾಗೆ ಹೂವನ್ನು ಯಾರೂ ತೊಳೆಯುವುದಿಲ್ಲ ಅಲ್ವಾ?

ಹೇನು, ಥ್ರಿಪ್ಸ್‌ನಂಥ ರಸ ಹೀರುವ ಸಣ್ಣ ಹುಳಗಳಿಗೆಲ್ಲ ತೋಟದಲ್ಲೇ ದಾರಿ ನೋಡಬೇಕು. ಹಳದಿ, ನೀಲಿ ಅಂಟು ಹಾಳೆ ಕಟ್ಟಬಹುದು, ಬೇವಿನೆಣ್ಣೆ ಹೊಡೆಯಬಹುದು. ಕೊಯ್ದ ಮೇಲೂ ಹುಳ ಉಳಿದಿದ್ದರೆ ಹೂವನ್ನು ತಲೆಕೆಳಗು ಹಿಡಿದು ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಕೊಡವಿ, ಬಹಳಷ್ಟು ಉದುರುತ್ತವೆ. ಶಿರಸಿ ಕಡೆಯ ಆಂಥೂರಿಯಂ ಹೂವನ್ನಂತೂ ನೀರಲ್ಲೇ ತೊಳೆಯಬಹುದು. ಹುಳ ಸಾಯಲಿ ಅಂತ ಅದನ್ನು ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಚಳಿಗೆ ಹೂವೇ ಕಪ್ಪಾಗುತ್ತದೆ.

ಹೂ ಕಟ್ಟುವಾಗ ಯಾರಿಗಾದರೂ ಚಿಕ್ಕಮ್ಮನಿಗೆ ಆದ ಹಾಗೆ ಆದರೆ ಸುಮ್ನೆ ಮಲಗಿಸಿ ಕಾಯಬೇಡಿ. ಹೊರಗೆ ಗಾಳಿಗೆ ಕರೆತನ್ನಿ, ಬಟ್ಟೆ ಬದಲಿಸಿ, ಕೈಮೈ ಸೋಪು ಹಾಕಿ ತೊಳೆಯಿರಿ, 108ಕ್ಕೆ ಫೋನ್ ಮಾಡಿ. ಔಷಧಿಯ ಹೆಸರು ಗೊತ್ತಾದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.