ಪೋಕರ್ ಆ್ಯಪ್ ಜೊತೆ ಆರು ವರ್ಷ: ತಾಳ್ಮೆಗೆ ಅದು ಎಷ್ಟು ನೆರವಾಯಿತು, ಎಷ್ಟು ಅಡ್ಡಿಯಾಯಿತು

2019ರ ಜೂನ್‌ನಿಂದ ಇಲ್ಲಿಯವರೆಗೆ ನನ್ನ ಫೋನಿನಲ್ಲಿ ಒಂದೇ ಪೋಕರ್ ಆ್ಯಪ್ ಇದೆ. ವಾಸ ಹಾವೇರಿಯಲ್ಲಿ, ಕೆಲಸ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ದೂರುಗಳು ಒಂದೇ ಕಂಪನಿಗೆ ಸೇರಿದವಲ್ಲ. ಅದರ ಬಣ್ಣ, ಸದ್ದು, ವೇಗಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ತಾಳ್ಮೆಯಿಂದ, ಶಿಸ್ತಿನಿಂದ ಆಡಬೇಕೆನ್ನುವವನಿಗೆ ಈ ಆ್ಯಪ್ ಏನು ಮಾಡುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಈ ವಿಮರ್ಶೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಬೇಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು, ಅದರ ಬೆನ್ನಿಗೇ ಈ ಆ್ಯಪ್‌ನಲ್ಲಿಯೂ ಹಣದ ಟೇಬಲ್‌ಗಳು ಮುಚ್ಚಿದವು. ಆದ್ದರಿಂದ ಕೆಳಗೆ ರೂಪಾಯಿಯ ಲೆಕ್ಕ ಬಂದಲ್ಲೆಲ್ಲ ಅದು ಹಿಂದಿನ ಆರು ವರ್ಷದ ಮಾತು; ಈಗ ನಾನು ಆಡುತ್ತಿರುವುದು ಬೆಲೆಯಿಲ್ಲದ ಉಚಿತ ಚಿಪ್ಸ್‌ನಲ್ಲಿ ಮಾತ್ರ.

ಪೋಕರ್‌ನಲ್ಲಿ ತಾಳ್ಮೆ ಎಂದರೆ ಏನೆಂಬುದನ್ನು ಅಂಕಿಗಳೇ ಹೇಳುತ್ತವೆ. ನಾನು ಆಡುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ; ಇಂಥ ಒಂದು ಹಂಚಿಕೆಯ ಆಟಕ್ಕೆ ಕೈ ಎನ್ನುತ್ತಾರೆ. ಬರುವ ಎರಡು ಎಲೆಗಳು ಜೋಡಿಯಾಗಿರುವುದು ಸರಾಸರಿ 17 ಬಾರಿಗೆ ಒಮ್ಮೆ. ಎರಡೂ ಎಕ್ಕಾ ಬರುವುದು 221 ಬಾರಿಗೆ ಒಮ್ಮೆ. ಫೋನಿನ ಒಂದು ಟೇಬಲ್‌ನಲ್ಲಿ ಗಂಟೆಗೆ ಅರವತ್ತು, ಅರವತ್ತೈದು ಕೈ ಆಗುತ್ತವೆ ಎಂದುಕೊಂಡರೆ, ಎಕ್ಕಾ ಜೋಡಿಗಾಗಿ ಮೂರು ಗಂಟೆಗೂ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಜೋಡಿಯಲ್ಲದ ಎರಡು ಒಳ್ಳೆಯ ಎಲೆ ಬಂದರೂ, ನಡುವೆ ಬಿಚ್ಚುವ ಮೊದಲ ಮೂರು ಎಲೆಗಳು ಅವಕ್ಕೆ ಕೂಡಿಬರುವುದು ಮೂರರಲ್ಲಿ ಒಂದು ಬಾರಿ ಮಾತ್ರ. ಆರು ಜನರ ಟೇಬಲ್‌ನಲ್ಲಿ ಎಚ್ಚರದಿಂದ ಆಡುವವನು ನೂರು ಕೈಗಳಲ್ಲಿ ಇಪ್ಪತ್ತರಿಂದ ಇಪ್ಪತ್ತೈದನ್ನು ಆಡುತ್ತಾನೆ, ಉಳಿದವನ್ನು ಬಿಡುತ್ತಾನೆ. ಎಂದರೆ ಈ ಆಟದಲ್ಲಿ ನಮ್ಮ ಬೆರಳು ಹೆಚ್ಚು ಸಲ ಒತ್ತಬೇಕಾದ ಗುಂಡಿ ಫೋಲ್ಡ್, ಅಂದರೆ ಕೈ ಬಿಡುವ ಗುಂಡಿ. ಇಷ್ಟು ಗೊತ್ತಿದ್ದೂ ಅದನ್ನು ಒತ್ತಲು ಕೈ ಬರುವುದಿಲ್ಲ. ನಲವತ್ತು ನಿಮಿಷ ಸುಮ್ಮನೆ ಕುಳಿತವನಿಗೆ ರಾಣಿ ಮತ್ತು ಒಂಬತ್ತು ಬಂದರೂ ಅದು ದೊಡ್ಡ ಕೈಯಂತೆ ಕಾಣುತ್ತದೆ.

ಈ ದೌರ್ಬಲ್ಯಕ್ಕೆ ಆ್ಯಪ್ ಎರಡೂ ಕಡೆಯಿಂದ ಕೈ ಹಾಕುತ್ತದೆ. ನನ್ನ ಅನುಭವದಲ್ಲಿ, ತಾಳ್ಮೆಗೆ ನೆರವಾಗುವ ಸೌಲಭ್ಯಗಳು ಸೆಟ್ಟಿಂಗ್‌ನ ಒಳಗೆ ಎರಡು ಮೂರು ಬಾಗಿಲು ದಾಟಿದ ಮೇಲೆ ಸಿಗುತ್ತವೆ. ತಾಳ್ಮೆ ಕೆಡಿಸುವಂಥವು ಮಾತ್ರ ಆಡುವ ಪರದೆಯ ಮೇಲೇ, ಹೆಬ್ಬೆರಳಿಗೆ ಎಟುಕುವಷ್ಟು ಹತ್ತಿರದಲ್ಲಿ ಇವೆ.

ಎಲ್ಲಕ್ಕಿಂತ ಕೆಟ್ಟದ್ದು, ಬಿಟ್ಟ ಕೈಗೆ ಮುಂದೆ ಯಾವ ಎಲೆ ಬರುತ್ತಿತ್ತೆಂದು ತೋರಿಸುವ ಮೊಲದ ಚಿತ್ರದ ಗುಂಡಿ. ಕೈ ಮುಗಿದ ಕೂಡಲೇ ಅದು ಪರದೆಯ ಮೂಲೆಯಲ್ಲಿ ಮಿನುಗುತ್ತದೆ. ನಾನು ಆಟೀನಿನ ಎರಡು ಎಲೆ ಹಿಡಿದು, ನಡುವೆ ಬಿದ್ದ ಇನ್ನೆರಡು ಆಟೀನಿನ ಜೊತೆ ಐದನೆಯದು ಕೂಡಿದರೆ ದೊಡ್ಡ ಕೈಯಾಗುತ್ತದೆಂದು ಕಾಯುತ್ತ, ಎದುರಾಳಿ ಕೇಳಿದ ಮೊತ್ತ ಸಿಗಬಹುದಾದ ಲಾಭಕ್ಕಿಂತ ಹೆಚ್ಚೆಂದು ಲೆಕ್ಕ ಹಾಕಿ, ಸರಿಯಾಗಿಯೇ ಕೈ ಬಿಟ್ಟಿರುತ್ತೇನೆ. ಗುಂಡಿ ಒತ್ತಿದರೆ ಕೊನೆಯ ಎಲೆ ಆಟೀನೇ. ಆಗ ಮನಸ್ಸಿಗೆ ತಟ್ಟುವುದು ಲೆಕ್ಕವಲ್ಲ, ಕೈತಪ್ಪಿದ ಪಾಟ್, ಅಂದರೆ ಎಲ್ಲರೂ ಪಣಕ್ಕಿಟ್ಟು ನಡುವೆ ಕೂಡಿದ ಹಣ. ಮುಂದಿನ ಬಾರಿ ಅಂಥದ್ದೇ ಕೈ ಬಂದಾಗ, ಬಿಡಬೇಕೆಂದು ಗೊತ್ತಿದ್ದರೂ ಬಿಡುವುದಿಲ್ಲ. ಸರಿಯಾದ ನಿರ್ಧಾರಕ್ಕೆ ತಪ್ಪಿನ ಬಣ್ಣ ಬಳಿಯುವ ಈ ಗುಂಡಿಯನ್ನು ಆರಿಸಲು ಸೆಟ್ಟಿಂಗ್‌ನಲ್ಲಿ ದಾರಿ ಇದೆ ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷದಲ್ಲಿ. ಆರಿಸಿದ ಮೇಲೆ ನನ್ನ ಆಟ ಒಂದೇ ತಿಂಗಳಲ್ಲಿ ಹದಕ್ಕೆ ಬಂದಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಬೋನಸ್‌ನ ಕಥೆ ಇನ್ನೂ ಸೂಕ್ಷ್ಮ. ಹಣ ತುಂಬಿದಾಗ ಕೊಡುವ ಬೋನಸ್ ನೇರವಾಗಿ ಕೈಗೆ ಬರುತ್ತಿರಲಿಲ್ಲ. ಪ್ರತಿ ಪಾಟ್‌ನಿಂದ ಕಂಪನಿ ಕಡಿದುಕೊಳ್ಳುವ ಪಾಲಿಗೆ ಅನುಗುಣವಾಗಿ, ನಿಗದಿತ ದಿನಗಳೊಳಗೆ, ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತಿತ್ತು. ಹೆಚ್ಚು ಕೈ ಆಡಿದವನಿಗೆ ಹೆಚ್ಚು ಬೋನಸ್. ಅವಧಿಯ ಕೊನೆಯ ಮೂರು ದಿನ ನಾನು ನಿದ್ದೆಗೆಟ್ಟು ಆಡಿ, ₹150 ಬೋನಸ್ ಬಿಡಿಸಿಕೊಳ್ಳಲು ₹600 ಕಳೆದುಕೊಂಡದ್ದಿದೆ. 2023ರ ಅಕ್ಟೋಬರ್ 1ರಿಂದ ತುಂಬಿದ ಹಣದ ಮೇಲೆ ಶೇ. 28ರ ಜಿಎಸ್‌ಟಿ ಬಂದಾಗ, ತೆರಿಗೆ ಸೇರಿ ₹100 ಹಾಕಿದರೆ ಸುಮಾರು ₹22 ತೆರಿಗೆಗೇ ಹೋಗುವಂತಾಯಿತು. ಅಷ್ಟನ್ನು ಕಂಪನಿ ಬೋನಸ್ ರೂಪದಲ್ಲಿ ಮರಳಿ ಕೊಡಲು ಆರಂಭಿಸಿದ ಮೇಲಂತೂ ಈ ಅವಸರ ಇನ್ನಷ್ಟು ಹೆಚ್ಚಿತು. ಬೋನಸ್ ಬೇಡವೆಂದು ಆಯ್ಕೆ ಮಾಡುವ ಗೆಳೆಯರನ್ನು ಮೊದಲು ನಾನು ದಡ್ಡರೆಂದುಕೊಂಡಿದ್ದೆ. ಈಗ ಅವರೇ ಸರಿ ಎನ್ನುತ್ತೇನೆ.

ಕೈ ಬಿಟ್ಟ ತಕ್ಷಣ ಬೇರೊಂದು ಟೇಬಲ್‌ಗೆ ಕೊಂಡೊಯ್ದು ಹೊಸ ಎಲೆ ಹಂಚುವ ಅತಿವೇಗದ ಆಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಕಾಯುವ ಬೇಸರವೇ ಇಲ್ಲವಲ್ಲ, ತಾಳ್ಮೆಗೆ ಇದಕ್ಕಿಂತ ಒಳ್ಳೆಯ ಸಾಧನ ಯಾವುದು ಎಂದು ಒಂದು ವರ್ಷ ಅದನ್ನೇ ಆಡಿದೆ. ತಡವಾಗಿ ಅರ್ಥವಾದದ್ದೆಂದರೆ, ಕೈ ಬಿಟ್ಟು ಕುಳಿತ ಆ ಅರ್ಧ ನಿಮಿಷ ಖಾಲಿ ಹೊತ್ತಲ್ಲ. ಎದುರಿನ ಐವರಲ್ಲಿ ಯಾರು ಹೇಗೆ ಏರಿಸುತ್ತಾರೆ, ಯಾರು ಸೋತ ಮೇಲೆ ಹಟಕ್ಕೆ ಬೀಳುತ್ತಾರೆ ಎಂಬುದನ್ನು ನೋಡುವ ಹೊತ್ತು. ಸೋಮವಾರ ಮತ್ತು ಗುರುವಾರ ನಮ್ಮ ಮಾರುಕಟ್ಟೆಗೆ ಬರುವ ಖರೀದಿದಾರರು ಸಾಲಾಗಿ ಇಟ್ಟ ಲಾಟ್‌ಗಳ ನಡುವೆ ನಡೆಯುತ್ತ, ಕಾಯಿ ಮುರಿದು, ಬೀಜ ನೋಡಿ, ಹಸಿ ಇದೆಯೇ ಎಂದು ಅಂಗೈಯಲ್ಲಿ ಒತ್ತಿ, ಮಾತಿಲ್ಲದೆ ಮುಂದೆ ಹೋಗುತ್ತಾರೆ. ಅವರು ದರ ಬರೆಯದ ಲಾಟ್‌ಗಳನ್ನೂ ನೋಡಿಯೇ ಇರುತ್ತಾರೆ. ಅತಿವೇಗದ ಟೇಬಲ್‌ನಲ್ಲಿ ಈ ನೋಡುವ ಕೆಲಸವೇ ಇಲ್ಲ, ಹಾಗಾಗಿ ಅಲ್ಲಿ ಕಲಿತ ತಾಳ್ಮೆ ನಿಧಾನದ ಟೇಬಲ್‌ಗೆ ಬಂದಾಗ ಹತ್ತು ನಿಮಿಷವೂ ನಿಲ್ಲಲಿಲ್ಲ.

ಇನ್ನು ನೆರವಾದವುಗಳ ಮಾತು. ಮೊದಲನೆಯದು ತಿಂಗಳಿಗೆ ಇಷ್ಟೇ ಹಣ ಎಂದು ನಾವೇ ಹಾಕಿಕೊಳ್ಳುವ ಮಿತಿ. ಮಿತಿ ಇಳಿಸಿದರೆ ಕೂಡಲೇ ಜಾರಿಯಾಗುತ್ತಿತ್ತು, ಏರಿಸಬೇಕೆಂದರೆ ಕಾಯಬೇಕಿತ್ತು. ಸೋತ ರಾತ್ರಿಯ ಮನಸ್ಸಿನಿಂದ ಮರುದಿನದ ಮನಸ್ಸನ್ನು ಕಾಪಾಡುವ ಈ ಒಂದು ಏರ್ಪಾಡಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಅದೇ ಆ್ಯಪ್, ಗೆದ್ದ ಹಣವನ್ನು ಬ್ಯಾಂಕಿಗೆ ಕಳಿಸಲು ಮನವಿ ಕೊಟ್ಟ ಮೇಲೆ, ಹಣ ಹೊರಡುವವರೆಗೂ ಆ ಮನವಿಯನ್ನು ರದ್ದುಮಾಡಿ ಮತ್ತೆ ಆಟಕ್ಕೆ ತರುವ ಗುಂಡಿಯನ್ನೂ ಕಣ್ಣೆದುರು ಇಟ್ಟಿತ್ತು. ಒಂದು ಕೈಯಿಂದ ಬೇಲಿ ಹಾಕಿ ಇನ್ನೊಂದು ಕೈಯಿಂದ ದಾರಿ ಬಿಡುವ ಈ ರೀತಿ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಎರಡನೆಯದು ಆಡಿದ ಕೈಗಳ ದಾಖಲೆ. ಈ ಆ್ಯಪ್‌ನಲ್ಲಿ ಬೆಲೆಬಾಳುವ ವಸ್ತು ಎಂದರೆ ಇದೇ. ಅದರ ಬೆಲೆ ನನಗೆ ಗೊತ್ತಾದದ್ದು 2020ರ ಜುಲೈನ ಒಂದು ರಾತ್ರಿಯಿಂದ. ಕೊರೊನಾ ಕಾಲ, ಅಂಗಡಿಯಲ್ಲಿ ಕೆಲಸ ಕಡಿಮೆ. ನನ್ನ ಎಂದಿನ ₹1/₹2 ಟೇಬಲ್ (ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಇಡಬೇಕಾದ ಮೊತ್ತಗಳಿವು), ಕುಳಿತದ್ದು ₹200ರೊಂದಿಗೆ. ಎಕ್ಕಾ ಜೋಡಿ ಬಂದಿತು. ನಡುವಿನ ಮೂರು ಎಲೆಗಳಲ್ಲಿ ಎರಡು ಕಳಾವರ. ಎದುರಿನವನು ಪೂರ್ತಿ ಹಣ ಮುಂದಿಟ್ಟ, ನಾನೂ ಇಟ್ಟೆ. ಅವನ ಕೈಯಲ್ಲಿ ಇನ್ನೆರಡು ಕಳಾವರ ಇದ್ದವು, ಕೊನೆಯ ಎಲೆಗೆ ಐದನೆಯದು ಬಿದ್ದಿತು; ಒಂದೇ ಗುರುತಿನ ಐದು ಎಲೆ ಎಕ್ಕಾ ಜೋಡಿಗಿಂತ ದೊಡ್ಡದು. ಅಂಥ ಕೈ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಬಾರಿ ಕೂಡಿಬರುತ್ತದೆ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೂ ಕಳೆದದ್ದನ್ನು ಈಗಲೇ ಎತ್ತಬೇಕೆಂಬ ಹಟ ಹುಟ್ಟಿ, ಮತ್ತೊಂದು ₹200 ಕಳೆದು, ಆಮೇಲೆ ₹5/₹10 ಟೇಬಲ್‌ಗೆ ಹೋದೆ. ಅಲ್ಲಿ ₹1,000ದಂತೆ ನಾಲ್ಕು ಬಾರಿ ತುಂಬಿದೆ. ರಾತ್ರಿ ಒಂದೂ ಮುಕ್ಕಾಲಿಗೆ ಒಟ್ಟು ₹4,400 ಹೋಗಿತ್ತು.

ಮರುದಿನ ದಾಖಲೆ ತೆರೆದು, ಅಂಗಡಿಯ ಕಿರ್ದಿ ಬರೆದಂತೆ ಒಂದು ನೋಟ್‌ಬುಕ್ಕಿನಲ್ಲಿ ಕೈಗಳನ್ನು ಸಾಲಾಗಿ ಬರೆದೆ. ದೊಡ್ಡ ಟೇಬಲ್‌ನಲ್ಲಿ ಬಂದ 52 ಕೈಗಳಲ್ಲಿ ನಾನು 31ನ್ನು ಆಡಿದ್ದೆ. ಕೊನೆಯದು ರಾಣಿ ಮತ್ತು ಆರು, ಅದಕ್ಕೆ ಉಳಿದ ಹಣವನ್ನೆಲ್ಲ ಇಟ್ಟಿದ್ದೆ. ಆಡುವಾಗ, ದುರದೃಷ್ಟ ಬೆನ್ನು ಹತ್ತಿದೆ ಎಂದೇ ನಂಬಿದ್ದೆ. ಕಾಗದದ ಮೇಲೆ ನೋಡಿದರೆ ಎಕ್ಕಾ ಜೋಡಿಯ ಒಂದು ಕೈಯನ್ನು ಬಿಟ್ಟು ಉಳಿದ ಸೋಲೆಲ್ಲ ನಾನೇ ಮಾಡಿಕೊಂಡದ್ದು. ಈ ಸ್ಥಿತಿಗೆ ಆಟಗಾರರು ಟಿಲ್ಟ್ ಎನ್ನುತ್ತಾರೆ. ಅಂದಿನಿಂದ ಆಡಿದ ದಿನವೆಲ್ಲ ಕಿರ್ದಿ ಬರೆಯುತ್ತ ಬಂದಿದ್ದೇನೆ: ಕುಳಿತ ಹೊತ್ತು, ಎದ್ದ ಹೊತ್ತು, ಬಂದ ಕೈ, ಆಡಿದ ಕೈ, ಯಾಕೆ ಎದ್ದೆ ಎಂಬ ಒಂದು ಸಾಲು. ನನ್ನ ಮನೆಯವರು ಮಲಗುವ ಮುನ್ನ "ಇವತ್ತಿಂದು ಬರದ್ರೇನ್ರಿ?" ಎಂದು ಕೇಳುವ ರೂಢಿಯಾಯಿತು. ಅವರು ಓದುತ್ತಾರೆಂಬ ಅರಿವೇ ಎಷ್ಟೋ ರಾತ್ರಿ ನನ್ನನ್ನು ಟೇಬಲ್‌ನಿಂದ ಎಬ್ಬಿಸಿದೆ.

ಆ ನೋಟ್‌ಬುಕ್ಕಿನಿಂದ ಹುಟ್ಟಿದ ನಿಯಮಗಳು ಕೆಲವೇ. ಆಟಕ್ಕೆಂದು ತೆಗೆದಿಟ್ಟ ಹಣದ ಮೂವತ್ತನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದು ಟೇಬಲ್‌ಗೆ ಒಯ್ಯುವುದಿಲ್ಲ, ಅಂದರೆ ₹6,000 ಇದ್ದರೆ ₹200. ಎರಡು ಬಾರಿ ₹200 ಹೋದರೆ ಆ ದಿನದ ಆಟ ಮುಗಿಯಿತು. ಮಾರುಕಟ್ಟೆಯ ಹಂಗಾಮಿನಲ್ಲಿ ಸೋಮವಾರ, ಗುರುವಾರ ರಾತ್ರಿ ಆಡುವುದಿಲ್ಲ, ಏಕೆಂದರೆ ದಣಿದ ದಿನಗಳಲ್ಲಿ ನೂರಕ್ಕೆ ಮೂವತ್ತೈದು ಕೈ ಆಡಿರುವುದನ್ನು ಕಿರ್ದಿ ತೋರಿಸಿತ್ತು. ಇದರಲ್ಲಿ ಕೊನೆಯದು ನನ್ನ ಒಬ್ಬನ ನಿಯಮ. ನಿಮ್ಮ ದಣಿವಿನ ದಿನ ಯಾವುದೆಂದು ನಿಮ್ಮ ದಾಖಲೆಯೇ ಹೇಳಬೇಕು.

2021ರ ಅಕ್ಟೋಬರ್ 5ರಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ರಾಜ್ಯದ ಪೊಲೀಸ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಆ್ಯಪ್ ಕರ್ನಾಟಕದವರಿಗೆ ಬಾಗಿಲು ಹಾಕಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಕಾಯ್ದೆಯ ಸಂಬಂಧಪಟ್ಟ ಕಲಮುಗಳನ್ನು ರದ್ದುಪಡಿಸಿದ ಮೇಲೆ ಮತ್ತೆ ತೆರೆಯಿತು. ಆ ನಾಲ್ಕು ತಿಂಗಳು ಹಳೆಯ ಕಿರ್ದಿ ಓದುತ್ತ ಕಳೆದೆ. ಮರಳಿ ಕುಳಿತಾಗ ಆಡಬೇಕೆಂಬ ತುರಿಕೆ ತಗ್ಗಿತ್ತು. ಇಷ್ಟೆಲ್ಲ ಶಿಸ್ತಿನ ನಂತರವೂ ಆರು ವರ್ಷದ ಒಟ್ಟು ಲೆಕ್ಕದಲ್ಲಿ ನಾನು ₹6,200 ಕಳೆದುಕೊಂಡಿದ್ದೇನೆ. ಕಂಪನಿಯ ಪಾಲು, ಜಿಎಸ್‌ಟಿ, 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಕಡಿತವಾಗುತ್ತಿದ್ದ ಶೇ. 30ರ ತೆರಿಗೆ, ಎಲ್ಲ ದಾಟಿ ಲಾಭಕ್ಕೆ ಬರುವಷ್ಟು ಒಳ್ಳೆಯ ಆಟಗಾರ ನಾನಲ್ಲ. ತಾಳ್ಮೆ ಕಲಿತರೆ ಹಣ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗಿನ ಉಚಿತ ಚಿಪ್ಸ್ ಆಟದಲ್ಲಿ ಶಿಸ್ತು ಇನ್ನೂ ಕಷ್ಟ. ಯಾರಿಗೂ ಕಳೆದುಕೊಳ್ಳುವ ಭಯವಿಲ್ಲದ್ದರಿಂದ ಮೊದಲ ಸುತ್ತಿನಲ್ಲೇ ಇಬ್ಬರು ಮೂವರು ಇದ್ದ ಚಿಪ್ಸ್ ಎಲ್ಲ ಮುಂದೆ ತಳ್ಳುತ್ತಾರೆ. ಅಲ್ಲಿ ಎದುರಾಳಿಯನ್ನು ಹೆದರಿಸಿ ಕೈ ಬಿಡಿಸುವ ಆಟ ನಡೆಯುವುದಿಲ್ಲ. ಒಳ್ಳೆಯ ಕೈ ಬರುವವರೆಗೆ ಬಿಡುತ್ತ ಹೋಗುವುದೊಂದೇ ದಾರಿ. ದಿನಕ್ಕೊಮ್ಮೆ ಸಿಗುವ ಚಿಪ್ಸ್ ಮುಗಿದರೆ ಹಣ ಕೊಟ್ಟು ಕೊಳ್ಳಲು ಆಹ್ವಾನ ಬರುತ್ತದೆ; ಒಮ್ಮೆಯೂ ಕೊಂಡಿಲ್ಲ, ಮುಗಿದರೆ ಮರುದಿನ ಆಡುತ್ತೇನೆ. ಹಿಂದಿನ ನಿಯಮಗಳನ್ನೇ ಚಿಪ್ಸ್‌ಗೂ ಹಾಕಿಕೊಂಡಿದ್ದೇನೆ, ಕಿರ್ದಿಯೂ ನಿಂತಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ, ಮೂರೂ ಮಿತಿ ಮತ್ತು ದಾಖಲೆಗಾಗಿ. ಆ್ಯಪ್ ಮಾಡುವವರು ಓದುತ್ತಿದ್ದರೆ ನನ್ನ ಬೇಡಿಕೆ ಎರಡೇ: ಬಿಟ್ಟ ಕೈಯ ಎಲೆ ತೋರಿಸುವ ಗುಂಡಿ ಮೊದಲಿನಿಂದಲೇ ಆರಿರಲಿ, ಬೇಕಾದವರು ಹಚ್ಚಿಕೊಳ್ಳಲಿ. ಉಚಿತ ಟೇಬಲ್‌ನಲ್ಲಿ ಈಗ ಕೊನೆಯ ಐವತ್ತು ಕೈಗಳ ದಾಖಲೆ ಮಾತ್ರ ಉಳಿಯುತ್ತದೆ, ಹೀಗಾಗಿ ಮುಕ್ಕಾಲು ಗಂಟೆಗೊಮ್ಮೆ ಆಟ ನಿಲ್ಲಿಸಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕಾಗಿದೆ; ಮೊದಲಿನಂತೆ ಪೂರ್ಣ ದಾಖಲೆ ಮರಳಿ ಬರಲಿ.