ಬಾಯಿ ಮರಗಟ್ಟಿಸಿದ ಮೇಲೆ ಸಹಿ ಕೇಳಿದರೆ ಕುರ್ಚಿಯಿಂದ ಎದ್ದು ಬನ್ನಿ

ಬರೆಯಲು ನಾಚಿಕೆಯಾಗುತ್ತಿದೆ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು ನಾನು. ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚು ಕಂಡರೂ ವಾಪಸ್ ಕಳಿಸುತ್ತಿದ್ದೆ. ಅಂಥವನು ಜಯನಗರದ ಒಂದು ದಂತ ಚಿಕಿತ್ಸಾಲಯದಲ್ಲಿ ಓದದ ಕಾಗದಕ್ಕೆ ಸಹಿ ಹಾಕಿ ಬಂದಿದ್ದೇನೆ.

ಮೇಲಿನ ಬಲಬದಿಯ ಎರಡು ದವಡೆ ಹಲ್ಲು ಕೀಳಿಸಿ ಒಂಬತ್ತು ವರ್ಷವಾಗಿತ್ತು. ಮೂಳೆಯೊಳಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್, ಎರಡಕ್ಕೆ 70,000 ರೂಪಾಯಿ ಎಂದರು. ದವಡೆ ಪೂರ್ತಿ ಕಾಣುವ ಒಂದು ಎಕ್ಸ್‌ರೇ ತೆಗೆದು, “ಮೂಳೆ ಚೆನ್ನಾಗಿದೆ ಸರ್” ಎಂದರು. 40,000 ಮುಂಗಡ ಕಟ್ಟಿದೆ.

ಮುಂದಿನ ವಾರ ಹೋದೆ. ಇಂಜೆಕ್ಷನ್ ಕೊಟ್ಟರು. ಕೆನ್ನೆ, ಒಸಡು, ಅಂಗುಳ ಎಲ್ಲ ಮರಗಟ್ಟಿತು. ಎದೆಯ ಮೇಲೆ ಹಸಿರು ಬಟ್ಟೆ, ಬಾಯಿಯಲ್ಲಿ ಹತ್ತಿ. ಆಗ ಡಾಕ್ಟರು ಪರದೆ ನೋಡುತ್ತಾ, “ಮೂಳೆ ಕಡಿಮೆ ಇದೆ ಸರ್, ಸೈನಸ್ ಲಿಫ್ಟ್ ಮಾಡಿ ಬೋನ್ ಗ್ರಾಫ್ಟ್ ಹಾಕಬೇಕು, 55,000 ಹೆಚ್ಚಾಗುತ್ತದೆ” ಎಂದರು. ಅಂದರೆ ದವಡೆಯ ಮೇಲಿರುವ ಗಾಳಿಗೂಡಿನ ತಳ ಎತ್ತಿ, ಅಲ್ಲಿ ಮೂಳೆ ಕಸಿ ಮಾಡುವುದು. ಚೆನ್ನಾಗಿದ್ದ ಮೂಳೆ ಒಂದು ವಾರದಲ್ಲಿ ಎಲ್ಲಿಗೆ ಹೋಯಿತು? ಕೇಳಲು ಹೊರಟೆ, ಬಾಯಿಂದ ಬಂದದ್ದು “ಆ... ಆ” ಅಷ್ಟೇ. ಕಾಗದ ಹಿಡಿದಿದ್ದ ಹುಡುಗಿ “ಇಲ್ಲಿ ಅಂಕಲ್” ಎಂದು ಬೆರಳಿಟ್ಟು ತೋರಿಸಿದಳು. ನನ್ನ ಕನ್ನಡಕ ಹೊರಗೆ ಹೆಂಡತಿಯ ಕೈಯಲ್ಲಿತ್ತು. ಸಹಿ ಹಾಕಿದೆ. ಕನ್ನಡಕವಿಲ್ಲದೆ, ಮಲಗಿಕೊಂಡೇ, ಸಹಿ ಹಾಕಿದೆ!

ಮೂಳೆ ಕಸಿಯೇ ಮೋಸ ಎನ್ನುತ್ತಿಲ್ಲ. ಆಮೇಲೆ ಬೇರೆ ವೈದ್ಯರು ಅದೇ ಹಳೆಯ ಎಕ್ಸ್‌ರೇ ನೋಡಿ ವಿವರಿಸಿದರು: ಹಲ್ಲು ಹೋದ ಜಾಗದ ಮೂಳೆ ವರ್ಷಗಳು ಕಳೆದಂತೆ ಕರಗುತ್ತದೆ, ಮೇಲಿನ ಸೈನಸ್ ಎಂಬ ಗಾಳಿಗೂಡು ಕೆಳಗಿಳಿಯುತ್ತದೆ. ನನಗೆ ಉಳಿದದ್ದು ಮೂರು ನಾಲ್ಕು ಮಿಲಿಮೀಟರ್ ಇರಬಹುದು ಎಂದರು. ಸಾಮಾನ್ಯ ಇಂಪ್ಲಾಂಟಿಗೆ ಎಂಟು ಹತ್ತಾದರೂ ಬೇಕು. ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಎಂಬ ಸ್ಕ್ಯಾನ್ ಮಾಡಿ ಇದನ್ನು ಮೊದಲೇ ಅಳೆಯುತ್ತಾರಂತೆ. ನನಗೆ ಮಾಡಲೇ ಇಲ್ಲ. ಜಯನಗರದ ಡಾಕ್ಟರನ್ನು ಹಲ್ಲು ಯಾವಾಗ ಎಂದು ಕೇಳಿದರೆ, “ಮೂಳೆ ಗಟ್ಟಿಯಾಗಲು ಆರೇಳು ತಿಂಗಳು ಬೇಡವೇ ಸರ್?” ಎಂದು ನನಗೇ ಪ್ರಶ್ನೆ. ಹೊರಗಿನ ಫಲಕದಲ್ಲಿ ಮೂರೇ ದಿನದಲ್ಲಿ ಹಲ್ಲು ಎಂದು ಬರೆದಿದೆ, ಹೋಗಿ ನೋಡಿ.

ಇನ್ನೊಂದಿದೆ. ಮನೆಯಲ್ಲಿ ಮಗಳು ಚಿಕಿತ್ಸೆಯ ಚೀಟಿಗೆ ಅಂಟಿಸಿದ್ದ ಲೇಬಲ್ ಓದಿ ಸುಮ್ಮನಾದಳು. ಆಮೇಲೆ, “ಅಪ್ಪ, ಇದು ದನದ ಮೂಳೆಯಿಂದ ಮಾಡಿದ ಪುಡಿ” ಎಂದಳು. ನಮ್ಮದು ಮೊಟ್ಟೆಯೂ ಬೇಯದ ಮನೆ. ಫೋನ್ ಮಾಡಿದೆ. “ಶುದ್ಧ ಮಾಡಿದ್ದು ಸರ್, ಬರೀ ಖನಿಜ. ಎಲ್ಲರಿಗೂ ಇದನ್ನೇ ಹಾಕುತ್ತೇವೆ, ಯಾರೂ ಕೇಳುವುದಿಲ್ಲ.” ಯಾರೂ ಕೇಳುವುದಿಲ್ಲ! ಹೇಳಿದರಲ್ಲವೇ ಕೇಳುವುದು? ಬೇರೆಯವರಿಗೆ ಇದರಲ್ಲಿ ಅಡ್ಡಿ ಇರಲಿಕ್ಕಿಲ್ಲ. ಎಷ್ಟೋ ಕಡೆ ಬಳಸುವ ವಸ್ತುವೇ. ಆದರೆ ಕೃತಕವಾಗಿ ತಯಾರಿಸಿದ್ದೂ ಸಿಗುತ್ತದೆ, ಅವರವರ ಮೂಳೆಯನ್ನೇ ತೆಗೆದು ಹಾಕುವುದೂ ಇದೆ. ಆರಿಸುವ ಮಾತು ನನ್ನದಾಗಬೇಕಿತ್ತು. ಹಾಗೆಂದರೆ ಅವರ ಉತ್ತರ: “ಸಹಿ ಹಾಕಿದ್ದೀರಲ್ಲ ಸರ್.”

ಮೇಲ್ದವಡೆಯ ಹಿಂದಿನ ಹಲ್ಲು ಕಟ್ಟಿಸುವವರು ಮೊದಲು ಸ್ಕ್ಯಾನ್ ಮಾಡಿಸಿ. ಗ್ರಾಫ್ಟ್ ಬೇಕೇ, ಯಾವ ಮೂಳೆ, ಎಷ್ಟು ಹಣ, ಎಲ್ಲವನ್ನೂ ಮುಂಗಡಕ್ಕೆ ಮುಂಚೆ ಬರೆಸಿಕೊಳ್ಳಿ. ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಮನೆಗೆ ತನ್ನಿ. ಕೊಡದಿದ್ದರೆ ಆ ಕಡೆ ತಲೆ ಹಾಕಬೇಡಿ.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಅದಕ್ಕೆಂದೇ ನಿನ್ನೆ ದಾಖಲೆಗಳ ಪ್ರತಿ ಕೇಳಲು ಹೋದೆ. “ಡಾಕ್ಟರು ಊರಿನಲ್ಲಿಲ್ಲ ಅಂಕಲ್” ಎಂದಳು ಅದೇ ಹುಡುಗಿ. ಡಾಕ್ಟರ ಕಾರು ಬಾಗಿಲಲ್ಲೇ ನಿಂತಿತ್ತು. ನಾಳೆ ಲಿಖಿತ ಅರ್ಜಿ ಹಿಡಿದು ಮತ್ತೆ ಹೋಗುತ್ತೇನೆ, ಸ್ವೀಕೃತಿಯ ಮೊಹರು ಬೀಳುವವರೆಗೆ ಅಲ್ಲಿಂದ ಏಳುವುದಿಲ್ಲ. ಈ ಸಲ ಕನ್ನಡಕ ಹಾಕಿಕೊಂಡೇ.